ಕಡವೆಯ ಕೊಂಬು ಬೇರೆ, ತೋಟದ ಹಂದಿ ಬೇರೆ

ಮಳೆಗಾಲ ಕಳೆದು ಅಡಿಕೆ ಕೊಯ್ಲಿಗೆ ತೋಟಗಳು ಸಜ್ಜಾಗುವ ಹೊತ್ತಿಗೆ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಜಿಂಕೆ ಬೇಟೆಯ ಹಂಗಾಮು ಶುರುವಾಗುತ್ತದೆ. ಕೊಲೊರಾಡೊ, ಯೂಟಾ, ವಯೋಮಿಂಗ್‌ನ ಬೆಟ್ಟದ ನೆತ್ತಿಗಳಲ್ಲಿ ‘ಮ್ಯೂಲ್ ಡಿಯರ್’ ಎಂಬ, ಹೇಸರಗತ್ತೆಯಂಥ ದೊಡ್ಡ ಕಿವಿಯ ಜಿಂಕೆಯ ಗಂಡನ್ನು ದುರ್ಬೀನಿನಲ್ಲಿ ಹುಡುಕುತ್ತಾರೆ. ದಿನಗಟ್ಟಲೆ ಹಿಂಬಾಲಿಸಿ ಹೊಡೆದುರುಳಿಸಿ, ಅದರ ಕವಲೊಡೆದ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಈ ವಿಡಿಯೊಗಳು ಈಗ ನಾರಾವಿ, ಚಾರ್ಮಾಡಿ, ಸಿದ್ಧಕಟ್ಟೆಯ ಹುಡುಗರ ಮೊಬೈಲಿನಲ್ಲೂ ಓಡುತ್ತವೆ. ನೋಡಿದವರು ಒಂದು ಪ್ರಶ್ನೆ ಕೇಳುತ್ತಾರೆ, ಕೇಳಬೇಕಾದದ್ದೇ: ಅಲ್ಲಿ ಹಬ್ಬದ ಹಾಗೆ ನಡೆಯುವುದು ಇಲ್ಲಿ ಜೈಲಿಗೆ ಕಳಿಸುವ ಅಪರಾಧ ಯಾಕೆ? ಅದರಲ್ಲೂ ಹಂದಿ ಕಾಟಕ್ಕೆ ರೈತರು ಕಂಗೆಟ್ಟಿರುವ ಊರಿನಲ್ಲಿ, ಮನೆಯಲ್ಲಿ ಲೈಸೆನ್ಸಿನ ಕೋವಿ ಇಟ್ಟುಕೊಂಡೂ ಯಾಕೆ ಕೈಕಟ್ಟಿ ಕೂರಬೇಕು?

ಈ ಮಾತಿನೊಳಗೆ ಎರಡು ಬೇರೆ ಪ್ರಶ್ನೆಗಳು ಗಂಟು ಬಿದ್ದಿವೆ. ಒಂದು ಕೊಂಬಿನದ್ದು, ಮಾಂಸದ್ದು, ಮರ್ಜಿಯ ಬೇಟೆಯದ್ದು. ಇನ್ನೊಂದು ಬೆಳೆಯದ್ದು. ಇವೆರಡನ್ನೂ ಬಿಡಿಸಿ ನೋಡದೆ ಹೋದದ್ದರಿಂದಲೇ ನಮ್ಮ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳಲ್ಲಿ ಕಾಡೂ ಸೊರಗಿದೆ, ರೈತನಿಗೂ ನ್ಯಾಯ ಸಿಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಮೆರಿಕದ ವ್ಯವಸ್ಥೆ ನೋಡೋಣ. ವಿಡಿಯೊದಲ್ಲಿ ಕಾಣುವುದು ಗುಂಡು ಹಾರುವ ಕ್ಷಣ ಮಾತ್ರ, ಅದರ ಹಿಂದಿನ ಕಾಗದಪತ್ರ ಕಾಣುವುದಿಲ್ಲ. ಆ ಪಶ್ಚಿಮ ರಾಜ್ಯಗಳ ವನ್ಯಜೀವಿ ಇಲಾಖೆಗಳು ಪ್ರತಿ ವರ್ಷ ಜಿಂಕೆಗಳ ಎಣಿಕೆ ಮಾಡುತ್ತವೆ. ಚಳಿಗಾಲದಲ್ಲಿ ಹಿಮ ಬಿದ್ದ ಬಯಲಿನ ಮೇಲೆ ಹೆಲಿಕಾಪ್ಟರ್ ಹಾರಿಸಿದರೆ ಹಿಂಡುಗಳು ಎದ್ದು ಕಾಣುತ್ತವೆ. ಗಂಡೆಷ್ಟು, ಹೆಣ್ಣೆಷ್ಟು, ಮರಿಯೆಷ್ಟು ಎಂದು ಅಂದಾಜು ಮಾಡಿ, ಯಾವ ಪ್ರದೇಶದಲ್ಲಿ ಎಷ್ಟು ಹೊಡೆದರೆ ಸಂತತಿಗೆ ಧಕ್ಕೆಯಿಲ್ಲ ಎಂದು ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ತಕ್ಕಷ್ಟು ಪರವಾನಗಿ ಚೀಟಿಗಳನ್ನು ಹೆಚ್ಚಾಗಿ ಲಾಟರಿ ಎತ್ತಿ ಹಂಚುತ್ತಾರೆ. ಒಳ್ಳೆಯ ಜಾಗದ ಚೀಟಿಗಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಚೀಟಿ ಸಿಕ್ಕವರು ನಿಗದಿಯಾದ ದಿನಗಳಲ್ಲಿ, ನಿಗದಿಯಾದ ಪ್ರದೇಶದಲ್ಲಿ, ಒಂದು ಪ್ರಾಣಿಯನ್ನಷ್ಟೇ ಹೊಡೆಯಬಹುದು. ಮಾಂಸವನ್ನು ಕಾಡಿನಲ್ಲಿ ಕೊಳೆಯಲು ಬಿಟ್ಟರೆ ಬಹುತೇಕ ರಾಜ್ಯಗಳಲ್ಲಿ ಅದೇ ಒಂದು ಅಪರಾಧ. ಮಾಂಸವನ್ನು ಮಾರುವಂತೆಯೂ ಇಲ್ಲ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ಬೇಟೆಯ ಬಂದೂಕು, ತೋಟೆಗಳ ಮೇಲೆ ಶೇ 11ರ ತೆರಿಗೆಯಿದೆ, ಆ ಹಣ ವನ್ಯಜೀವಿ ರಕ್ಷಣೆಗೇ ಹೋಗುತ್ತದೆ.

ಈ ಶಿಸ್ತು ಸುಮ್ಮನೆ ಬಂದದ್ದಲ್ಲ. 19ನೆಯ ಶತಮಾನದಲ್ಲಿ ಅಲ್ಲಿನ ಬೇಟೆಗಾರರು ಮಾಂಸ ಮತ್ತು ಚರ್ಮದ ವ್ಯಾಪಾರಕ್ಕಾಗಿ ಕಾಡನ್ನು ಬರಿದು ಮಾಡಿದ್ದರು. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಮೃಗಾಲಯದಲ್ಲಿ ಸತ್ತಿತು. ಕಾಡು ಹೀಗೆ ಬರಿದಾಗುವುದನ್ನು ತಡೆಯಲೆಂದು 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು ಬೂನ್ ಆಂಡ್ ಕ್ರಾಕೆಟ್ ಕ್ಲಬ್ ಕಟ್ಟಿದರು. ಕೊಂಬಿನ ಉದ್ದ, ಕವಲು, ಸುತ್ತಳತೆ ಎಲ್ಲವನ್ನೂ ಇಂಚಿನಲ್ಲಿ ಅಳೆದು ಅಂಕ ಕೊಡುವ ಪದ್ಧತಿ ಬೆಳೆದದ್ದು ಈ ಕ್ಲಬ್ಬಿನಿಂದಲೇ. ಮ್ಯೂಲ್ ಡಿಯರ್‌ನ ಸಹಜ ಆಕಾರದ ಕೊಂಬು ಅವರ ಸಾರ್ವಕಾಲಿಕ ದಾಖಲೆ ಪುಸ್ತಕ ಸೇರಬೇಕಾದರೆ 190 ಅಂಕ ದಾಟಬೇಕು. ಅಷ್ಟು ಬೆಳೆಯಲು ಗಂಡು ಹಲವು ಚಳಿಗಾಲ ದಾಟಿರಬೇಕು. ಹಾಗಾಗಿ ಎಳೆಯದನ್ನು ಬಿಟ್ಟು, ವಯಸ್ಸಾದ ಗಂಡನ್ನೇ ಆರಿಸಿ ಹೊಡೆಯುವುದು ಅಲ್ಲಿನ ಬೇಟೆಗಾರರ ಹೆಮ್ಮೆ.

ಈ ಹೆಮ್ಮೆಗೂ ಒಂದು ಪ್ರತಿವಾದವಿದೆ. ಕೆನಡಾದ ಆಲ್ಬರ್ಟಾದ ರ‍್ಯಾಮ್ ಮೌಂಟನ್‌ನಲ್ಲಿ ಕಾಡುಟಗರುಗಳ ಮೇಲೆ ಸುಮಾರು 30 ವರ್ಷ ನಡೆದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ದೊಡ್ಡ ಕೋಡಿನವನ್ನೇ ಆರಿಸಿ ಕೊಲ್ಲುತ್ತ ಹೋದ ಮೇಲೆ ಆ ಬೆಟ್ಟದ ಟಗರುಗಳ ಕೋಡು ತಲೆಮಾರಿನಿಂದ ತಲೆಮಾರಿಗೆ ಚಿಕ್ಕದಾಗುತ್ತ ಬಂದಿತ್ತು. ಇದರ ಬಗ್ಗೆ ವಿಜ್ಞಾನಿಗಳ ಚರ್ಚೆ ಇನ್ನೂ ಮುಗಿದಿಲ್ಲ. ಆದರೂ ಲೆಕ್ಕ, ಲಾಟರಿ, ಕಾವಲು ಎಲ್ಲ ಇರುವ ಕಡೆಯೇ ಇಂಥ ಪ್ರಶ್ನೆ ಎದ್ದಿದೆ ಎಂಬುದು ಗಮನದಲ್ಲಿರಲಿ.

ಈಗ ನಮ್ಮ ಕಡೆ ಬರೋಣ. ಬೆಳ್ತಂಗಡಿ ತಾಲೂಕಿನ ಮೂಡಣ ಅಂಚು ಪೂರಾ ಘಟ್ಟ. ಕುದುರೆಮುಖ ರಾಷ್ಟ್ರೀಯ ಉದ್ಯಾನವನ್ನು 1987ರಲ್ಲಿ ಘೋಷಿಸಲಾಯಿತು. ಸುಮಾರು 600 ಚದರ ಕಿ.ಮೀ. ವಿಸ್ತಾರದ ಈ ಕಾಡು ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಚಾಚಿಕೊಂಡಿದೆ. ನಾರಾವಿ, ಕುತ್ಲೂರಿನ ಕಡೆಯಿಂದ ಹತ್ತಿದರೆ ಅದರ ಮಡಿಲು. ಇಲ್ಲಿನ ದೊಡ್ಡ ಜಿಂಕೆ ಕಡವೆ. ಚಿಕ್ಕವು ಕಾಡುಕುರಿ ಮತ್ತು ಬರಿಂಕ. ಮೂಡುಬಿದಿರೆಯ ಸುತ್ತ ಮತ್ತು ಬಂಟ್ವಾಳದ ಗುಡ್ಡಗಳಲ್ಲಿ ದೊಡ್ಡ ಕಾಡಿಲ್ಲ. ಮುರಕಲ್ಲಿನ ಪದವು, ಗೇರು ತೋಟ, ಅಕೇಶಿಯ ನೆಡುತೋಪು, ತೋಡಿನ ಬದಿಯ ಹಳು ಇಷ್ಟೇ. ಆದರೆ ಹಂದಿಗೆ, ಮುಳ್ಳುಹಂದಿಗೆ, ಚಿರತೆಗೆ ಅಷ್ಟು ಸಾಕು.

ಬೇಟೆ ಈ ಊರಿಗೆ ಹೊಸದಲ್ಲ. ತುಳುವಿನಲ್ಲಿ ಬೋಂಟೆ. ಭೂಮಿತಾಯಿ ಮುಟ್ಟಾಗುವ ಕೆಡ್ಡಸದ ದಿನಗಳಲ್ಲಿ ಊರವರು ಕೂಡಿ ಬೋಂಟೆಗೆ ಹೋಗುವ ಪದ್ಧತಿ ಇತ್ತು. ಕೋಟಿ ಚೆನ್ನಯರ ಪಾಡ್ದನದಲ್ಲಿ ಪಂಜ ಮತ್ತು ಎಣ್ಮೂರಿನ ನಡುವೆ ಕಿಡಿ ಹೊತ್ತಿಕೊಳ್ಳುವುದು ಕಾಡುಹಂದಿಯ ಬೇಟೆಯಿಂದ. ಹಂದಿಯನ್ನು ಬೇಟೆಯಾಡಿದ ಊರೇ ಹಂದಿಯ ರೂಪದ ಪಂಜುರ್ಲಿ ದೈವಕ್ಕೆ ನೇಮ ಕೊಡುತ್ತದೆ. ಪಕ್ಕದ ಪುತ್ತೂರು ಸೀಮೆಯ ಕೆದಂಬಾಡಿ ಜತ್ತಪ್ಪ ರೈಗಳು ‘ಬೇಟೆಯ ನೆನಪುಗಳು’ ಬರೆದು ಆ ಕಾಲದ ಕೋವಿ, ನಾಯಿ, ಮರಸು, ಹಳು ಎಲ್ಲವನ್ನೂ ಕನ್ನಡಕ್ಕೆ ಉಳಿಸಿಕೊಟ್ಟರು. ಹಳೆಯ ಗುತ್ತಿನ ಮನೆಗಳ ಚಾವಡಿಯಲ್ಲಿ ಇವತ್ತಿಗೂ ಕಡವೆಯ ಕೊಂಬೋ ಕಾಟಿಯ ಕೋಡೋ ಗೋಡೆಯಲ್ಲಿರುವುದನ್ನು ನೀವು ನೋಡಿರುತ್ತೀರಿ. ಅದನ್ನು ಅಲ್ಲಿ ಏರಿಸಿದ ಅಜ್ಜಂದಿರನ್ನು ಈಗ ಅಪರಾಧಿಗಳೆಂದು ಕರೆಯುವ ಅಗತ್ಯವಿಲ್ಲ. ಆಗಿನ ಕಾಡು ಬೇರೆ, ಕೋವಿಗಳ ಸಂಖ್ಯೆ ಬೇರೆ, ರಸ್ತೆಯೇ ಇಲ್ಲದ ಕಾಲ ಅದು.

ಕಾನೂನು ಬದಲಾದ ಬಗೆ ಹೀಗೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಾಗಲೂ ಕೆಲವು ಪ್ರಾಣಿಗಳನ್ನು ಪರವಾನಗಿ ಪಡೆದು ಬೇಟೆಯಾಡಲು ಅವಕಾಶ ಇತ್ತು. 1991ರ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಅಂದಿನಿಂದ ಭಾರತದಲ್ಲಿ ಹವ್ಯಾಸಕ್ಕಾಗಿ ಬೇಟೆಯ ಲೈಸೆನ್ಸ್ ಎಂಬುದೇ ಇಲ್ಲ. ಬೇಟೆ ಅಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ಅಟ್ಟಿಸಿಕೊಂಡು ಹೋಗುವುದು, ಆಮಿಷ ಒಡ್ಡುವುದು, ಇವುಗಳಿಗೆ ಪ್ರಯತ್ನ ಪಡುವುದು ಎಲ್ಲವೂ ಕಾಯ್ದೆಯ ಪ್ರಕಾರ ಬೇಟೆಯೇ. ರಾಷ್ಟ್ರೀಯ ಉದ್ಯಾನದೊಳಗೆ ಬೇಟೆಯಾಡಿ ಸಿಕ್ಕಿಬಿದ್ದರೆ ಪ್ರಾಣಿ ಯಾವುದೇ ಇರಲಿ, ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸಜೆ. 2022ರ ತಿದ್ದುಪಡಿಯ ನಂತರ ದಂಡವೂ 25 ಸಾವಿರ ರೂಪಾಯಿಗಿಂತ ಕಡಿಮೆ ಇರುವಂತಿಲ್ಲ. ಬೇಟೆಗೆ ಬಳಸಿದ ಕೋವಿ, ಜೀಪು, ಬೈಕು ಸರ್ಕಾರದ ಸೊತ್ತಾಗುತ್ತವೆ. ಗೆಳೆಯರ ಒತ್ತಾಯಕ್ಕೆ ಬೈಕು ಕೊಟ್ಟವನಿಗೆ ಇದು ತಿಳಿದಿರುವುದಿಲ್ಲ.

ಅಮೆರಿಕದಂತೆ ಲೆಕ್ಕ ಹಾಕಿ, ಚೀಟಿ ಎತ್ತಿ, ವರ್ಷಕ್ಕೆ ಹತ್ತು ಕಡವೆಗೆ ಪರವಾನಗಿ ಕೊಟ್ಟರೆ ಆಗದೇ ಎಂದು ಓದಿದವರೇ ಕೇಳುವುದುಂಟು. ಆಗುವುದಿಲ್ಲ, ಕಾರಣ ನಮ್ಮ ಕಾಡಿನಲ್ಲೇ ಇದೆ. ಅಲ್ಲಿನ ಬೇಟೆಗಾರ ತೆರೆದ ಕಣಿವೆಯ ಈಚೆ ದಡದಲ್ಲಿ ಕುಳಿತು, ಆಚೆ ಒಂದು ಕಿಲೋಮೀಟರ್ ದೂರದ ಪ್ರಾಣಿಯ ಕೊಂಬಿನ ಕವಲನ್ನು ಹಗಲು ಬೆಳಕಿನಲ್ಲಿ ಎಣಿಸುತ್ತಾನೆ. ನಮ್ಮ ನಿತ್ಯಹರಿದ್ವರ್ಣದ ಕಾಡಿನಲ್ಲಿ ಹತ್ತು ಮಾರು ಮುಂದೆ ನಿಂತ ಕಡವೆಯೂ ಕಾಣುವುದಿಲ್ಲ. ಸಂಖ್ಯೆ ತಿಳಿಯಬೇಕಾದರೆ ಕ್ಯಾಮೆರಾ ಕಟ್ಟಬೇಕು, ಹಿಕ್ಕೆ ಎಣಿಸಬೇಕು. ಇಲ್ಲಿ ಕದ್ದು ನಡೆಯುವ ಬೇಟೆಯೆಲ್ಲ ರಾತ್ರಿಯದ್ದು, ಹಣೆಗೆ ಕಟ್ಟಿದ ಟಾರ್ಚಿನ ಬೆಳಕಿನದ್ದು. ಆ ಬೆಳಕಿಗೆ ಕಾಣುವುದು ಎರಡು ಕಣ್ಣಿನ ಹೊಳಪು ಮಾತ್ರ. ಕಣ್ಣಿನ ಹಿಂಪದರ ಬೆಳಕನ್ನು ತಿರುಗಿ ಎಸೆಯುವುದರಿಂದ ಆ ಹೊಳಪು. ಗಂಡೋ ಹೆಣ್ಣೋ, ಗಬ್ಬವೋ, ಹಿಂದೆ ಮರಿ ನಿಂತಿದೆಯೋ ತಿಳಿಯುವುದಿಲ್ಲ. ಎದುರಿನ ಪೊದೆ ಅಲುಗಿತೆಂದು ಹಾರಿಸಿದ ಈಡು ಜೊತೆಗೆ ಬಂದವನಿಗೇ ತಗಲಿದ ಪ್ರಕರಣಗಳು ಕರಾವಳಿ, ಮಲೆನಾಡಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆರಿಸಿ ಹೊಡೆಯುವ ಬೇಟೆ ಈ ಕತ್ತಲಲ್ಲಿ ಸಾಧ್ಯವೇ ಇಲ್ಲ.

ಇನ್ನು ಕಡವೆಯ ಕಡೆಯಿಂದ ನೋಡಿ. ಜಗತ್ತಿನ ಪ್ರಾಣಿಗಳ ಸ್ಥಿತಿಗತಿ ದಾಖಲಿಸುವ ಐಯುಸಿಎನ್ ಸಂಸ್ಥೆ 2008ರಿಂದ ಅದನ್ನು ಅಪಾಯದ ಅಂಚಿನ ಪಟ್ಟಿಯಲ್ಲಿಟ್ಟಿದೆ. ಹೆಣ್ಣು ಸುಮಾರು ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಕಾಡುಹಂದಿ ನಾಲ್ಕೇ ತಿಂಗಳಿಗೆ ನಾಲ್ಕಾರು ಮರಿ ಹಾಕುತ್ತದೆ. ಕೊಂಬಿನ ಪ್ರಶ್ನೆಯನ್ನೂ ಹಂದಿಯ ಪ್ರಶ್ನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎನ್ನಲು ಈ ಲೆಕ್ಕ ಸಾಕು.

ಕೊಂಬಿನ ಬಗ್ಗೆ ಜನರಲ್ಲಿ ಸಾಕಷ್ಟು ಗೊಂದಲವಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಾಟಿಯ ಕೋಡು ಒಮ್ಮೆ ಬೆಳೆದರೆ ಸಾಯುವ ತನಕ ಇರುತ್ತದೆ. ಒಳಗೆ ಎಲುಬಿನ ತಿರುಳು, ಹೊರಗೆ ಗೊರಸಿನಂಥದ್ದೇ ಪದಾರ್ಥದ ಕವಚ. ಕಡವೆಯ ಕೊಂಬು ಹಾಗಲ್ಲ. ಅದು ಪೂರ್ತಿ ಎಲುಬು, ಗಂಡಿಗೆ ಮಾತ್ರ, ಉದುರಿ ಮತ್ತೆ ಹುಟ್ಟುತ್ತದೆ. ಸಾಮಾನ್ಯವಾಗಿ ಬೇಸಿಗೆಯ ಹೊತ್ತಿಗೆ ಕಳಚಿ ಬೀಳುತ್ತದೆ, ಎಲ್ಲ ಗಂಡುಗಳೂ ಒಂದೇ ತಿಂಗಳಲ್ಲಿ ಉದುರಿಸುವುದಿಲ್ಲ. ಮಳೆಗಾಲದಲ್ಲಿ ಹೊಸದು ಚಿಗುರುವಾಗ ಅದರ ಮೇಲೆ ರೋಮದ ಮೃದು ಚರ್ಮ, ಅದರೊಳಗೆ ರಕ್ತನಾಳ. ಮುಟ್ಟಿದರೆ ಬೆಚ್ಚಗಿರುತ್ತದೆ, ಗೀರಿದರೆ ರಕ್ತ ಬರುತ್ತದೆ. ಸಸ್ತನಿಗಳ ದೇಹದಲ್ಲಿ ಇಷ್ಟು ವೇಗವಾಗಿ ಬೆಳೆಯುವ ಅಂಗಾಂಶ ಬಲು ಅಪರೂಪ. ಬೆಳೆದು ಗಟ್ಟಿಯಾದ ಮೇಲೆ ಚರ್ಮ ಒಣಗುತ್ತದೆ, ಕಡವೆ ಮರಕ್ಕೆ ಉಜ್ಜಿ ಅದನ್ನು ಸುಲಿಯುತ್ತದೆ. ಬಲಿತ ಗಂಡಿಗೆ ಒಂದೊಂದು ಬದಿಗೆ ಮೂರು ಕವಲು: ಹಣೆಯ ಹತ್ತಿರ ಒಂದು, ತುದಿಯಲ್ಲಿ ಎರಡು.

ಉದುರಿದ ಕೊಂಬು ಕಾಡಿನಲ್ಲಿ ವ್ಯರ್ಥವಾಗುವುದಿಲ್ಲ. ಮುಳ್ಳುಹಂದಿ, ಇಲಿಗಳು ಅದನ್ನು ಕೆರೆದು ತಿಂದು ಸುಣ್ಣದ ಅಂಶ, ರಂಜಕ ಪಡೆಯುತ್ತವೆ. ಬುಡ ನೋಡಿದರೆ ಕತೆ ತಿಳಿಯುತ್ತದೆ. ತಾನಾಗಿ ಉದುರಿದ್ದಾದರೆ ಬುಡ ಗುಂಡಗೆ, ಒರಟಾಗಿ, ಉಂಗುರದಂಥ ಅಂಚಿನಿಂದ ಮುಗಿದಿರುತ್ತದೆ. ಕೊಂದು ತೆಗೆದದ್ದಾದರೆ ತಲೆಬುರುಡೆಯ ತುಂಡು ಅಂಟಿಕೊಂಡಿರುತ್ತದೆ, ಇಲ್ಲವೇ ಗರಗಸದ ಗುರುತು ಇರುತ್ತದೆ. ಆದರೆ ಒಂದು ಮಾತು ಚೆನ್ನಾಗಿ ನೆನಪಿಡಿ: ಉದುರಿದ್ದನ್ನು ಹೆಕ್ಕಿ ತಂದದ್ದು ಎಂದರೂ ಕಾನೂನಿನಲ್ಲಿ ರಿಯಾಯಿತಿ ಇಲ್ಲ. ಕೊಂಬು, ಎಲುಬು, ಚರ್ಮ, ಉಗುರು, ಹಲ್ಲು ಎಲ್ಲವೂ ಕಾಯ್ದೆಯ ಪಟ್ಟಿಯಲ್ಲಿವೆ, ಅವು ಸರ್ಕಾರದ ಸೊತ್ತು. ಹೆಕ್ಕಲು ಬಿಟ್ಟರೆ ಉದುರಿದ್ದು ಯಾವುದು, ಉದುರಿಸಿದ್ದು ಯಾವುದು ಎಂದು ಮಾರುಕಟ್ಟೆಯಲ್ಲಿ ಯಾರೂ ವಿಚಾರಿಸುವುದಿಲ್ಲ.

ಹಾಗಾದರೆ ಚಾವಡಿಯ ಗೋಡೆಯ ಹಳೆಯ ಕೊಂಬಿನ ಗತಿಯೇನು? 2003ರಲ್ಲಿ ಕೇಂದ್ರ ಸರ್ಕಾರ ಇಂಥ ವಸ್ತುಗಳನ್ನು ಘೋಷಿಸಿಕೊಳ್ಳಲು 180 ದಿನಗಳ ಅವಕಾಶ ಕೊಟ್ಟಿತ್ತು. ಆಗಲೋ ಅದಕ್ಕೂ ಮೊದಲೋ ಮಾಲೀಕತ್ವದ ಪ್ರಮಾಣಪತ್ರ ಪಡೆದ ಮನೆಗಳಿಗೆ ತೊಂದರೆಯಿಲ್ಲ. ಆದರೆ ಮಾರುವಂತಿಲ್ಲ. ತಂದೆ ತೀರಿಕೊಂಡು ವಾರಸಿನಲ್ಲಿ ಮಕ್ಕಳಿಗೆ ಬಂದರೆ 90 ದಿನಗಳೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ತಿಳಿಸಬೇಕು. ಇದು ಬಹಳ ಮನೆಗಳಲ್ಲಿ ತಪ್ಪಿಹೋಗುವ ಹೆಜ್ಜೆ. 2023ರ ಅಕ್ಟೋಬರಿನಲ್ಲಿ ಟಿವಿ ಕಾರ್ಯಕ್ರಮದ ಸ್ಪರ್ಧಿಯೊಬ್ಬರು ಹುಲಿಯುಗುರಿನ ಪದಕ ಧರಿಸಿ ಬಂಧನಕ್ಕೊಳಗಾದಾಗ ರಾಜ್ಯದ ಎಷ್ಟೋ ಮನೆಗಳಲ್ಲಿ ದಿಗಿಲು ಹುಟ್ಟಿತು, ಜನ ಹಳೆಯ ಪೆಟ್ಟಿಗೆ ತೆರೆದು ಕಾಗದ ಹುಡುಕಿದರು. ಕಾಗದ ಇಲ್ಲದವರು ಕೊಂಬನ್ನು ಬಾವಿಗೆ ಎಸೆಯುವುದಾಗಲಿ ತೋಟದಲ್ಲಿ ಹೂಳುವುದಾಗಲಿ ಮಾಡಬಾರದು. ವಕೀಲರೊಬ್ಬರನ್ನು ಕೇಳಿ, ಲಿಖಿತವಾಗಿ ವಲಯ ಅರಣ್ಯಾಧಿಕಾರಿಯ ಕಚೇರಿಗೆ ತಿಳಿಸುವುದೇ ಸರಿಯಾದ ದಾರಿ.

ಈಗ ಹಂದಿಯ ಪ್ರಶ್ನೆ. ಇದು ನಿಜವಾದ ಸಂಕಟ. ಬಾಳೆಯ ಬುಡ ಉತ್ತು ಹಾಕಿದ ತೋಟವನ್ನು ಬೆಳಗ್ಗೆ ನೋಡಿದವರಿಗೆ ಕಾಡಿನ ಬಗ್ಗೆ ಪಾಠ ಹೇಳಿದರೆ ಹಿಡಿಸುವುದಿಲ್ಲ. ಹಿಡಿಸಲೂ ಬಾರದು. ಗದ್ದೆ ಬೇಸಾಯ ಕೈಬಿಟ್ಟವರಲ್ಲಿ ಕೂಲಿಯಾಳು ಸಿಗದ ಕಾರಣದ ಜೊತೆಗೆ ಹಂದಿಯ ಕಾರಣ ಹೇಳುವವರು ಪ್ರತಿ ಗ್ರಾಮದಲ್ಲಿದ್ದಾರೆ.

ಅವರ ಮನೆಯ ಕೋವಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದದ್ದು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಬೆಳೆ ರಕ್ಷಣೆಗೆ ಕೇಪಿನ ಕೋವಿಯ ಪ್ರಸ್ತಾಪ ಇದೆ. ಆದರೆ ಆ ಲೈಸೆನ್ಸ್ ಕೋವಿ ಇಟ್ಟುಕೊಳ್ಳುವ ಅನುಮತಿ ಮಾತ್ರ, ಪ್ರಾಣಿಯನ್ನು ಕೊಲ್ಲುವ ಅನುಮತಿ ಅಲ್ಲ. ಗಾಳಿಯಲ್ಲಿ ಹಾರಿಸಿ ಓಡಿಸಬಹುದು. ಹೊಡೆಯಬೇಕಾದರೆ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಲಿಖಿತ ಆದೇಶ ಕೊಡಬೇಕು. ಎರಡನೇ ಅನುಸೂಚಿಯಲ್ಲಿರುವ ಪ್ರಾಣಿ ನಿಂತ ಬೆಳೆಗೆ ಅಪಾಯವಾದರೆ ಅಂಥ ಆದೇಶಕ್ಕೆ ಅವಕಾಶವಿದೆ, ಕಾಡುಹಂದಿ ಆ ಅನುಸೂಚಿಯಲ್ಲೇ ಇದೆ. ಹಾಗಾಗಿ ಕಾನೂನು ರೈತನ ಕೈ ಪೂರ್ತಿ ಕಟ್ಟಿಹಾಕಿಲ್ಲ. ಆದೇಶ ಕೈಗೆ ಬರುವ ದಾರಿ ಮಾತ್ರ ಉದ್ದವಾಗಿದೆ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಯ್ದು ಇಡುವ ಕಿರಿಕಿರಿ ಇದಕ್ಕೆ ಸೇರಿಕೊಂಡಿದೆ.

ದಾರಿ ಉದ್ದವಾದಾಗ ಕೆಲವರು ಅಡ್ಡದಾರಿ ಹಿಡಿಯುತ್ತಾರೆ. ಬೈಕಿನ ಕ್ಲಚ್ ಕೇಬಲ್ಲಿನ ಉರುಳು ಅದರಲ್ಲಿ ಮೊದಲನೆಯದು. ಬೇಲಿಯ ಕಂಡಿಯಲ್ಲಿ, ಹಂದಿಯ ತಲೆಯ ಎತ್ತರಕ್ಕೆ ಕುಣಿಕೆ ಇಟ್ಟು, ಇನ್ನೊಂದು ತುದಿಯನ್ನು ಮರದ ಬುಡಕ್ಕೆ ಬಿಗಿಯುತ್ತಾರೆ. ಆದರೆ ಕಂಡಿ ಹಂದಿಯೊಂದರ ದಾರಿಯಲ್ಲ. ಚಿರತೆಯೂ ಸುಲಭದ ದಾರಿಯೆಂದು ಅಲ್ಲೇ ನುಸುಳುತ್ತದೆ. ಅದರ ಭುಜ ದಾಟಿ ಸೊಂಟಕ್ಕೆ ಕುಣಿಕೆ ಬೀಳುತ್ತದೆ. ಎಳೆದಷ್ಟೂ ತಂತಿ ಹೊಟ್ಟೆಗೆ ಇಳಿಯುತ್ತದೆ. ಅರಣ್ಯ ಇಲಾಖೆಯವರು, ಪಶುವೈದ್ಯರು ಬಂದು ಅರಿವಳಿಕೆ ಕೊಟ್ಟು ಬಿಡಿಸಿದರೂ ಒಳಗಿನ ಗಾಯದಿಂದ ಆಮೇಲೆ ಸಾಯುವುದುಂಟು. ಹಂದಿಗೆ ಇಟ್ಟದ್ದು, ಚಿರತೆ ಬಿದ್ದರೆ ನಾವೇನು ಮಾಡೋಣ ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ತೋಟಕ್ಕೂ ಇದರಿಂದ ನಷ್ಟವೇ, ಹಂದಿಮರಿ ತಿನ್ನುವ ಪ್ರಾಣಿಯೇ ಚಿರತೆ. ಸಿಡಿಮದ್ದು, ಬೇಲಿಗೆ ಕರೆಂಟು ಇವುಗಳ ಕತೆ ಇನ್ನೂ ಘೋರ: ದನದ ದವಡೆ ಹಾರಿದ್ದೂ ಇದೆ, ಬೆಳಗ್ಗೆ ತೋಟಕ್ಕೆ ಹೋದ ಮನುಷ್ಯರೇ ಸತ್ತದ್ದೂ ಇದೆ.

ಬಂಟ್ವಾಳ ತಾಲೂಕಿನ ಕರೋಪಾಡಿ, ಕನ್ಯಾನದಿಂದ ಗಡಿ ದಾಟಿದರೆ ಕೇರಳ. ಅಲ್ಲಿನ ಸರ್ಕಾರ 2022ರಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಲೈಸೆನ್ಸ್ ಇರುವ ಕೋವಿಯವರಿಂದ ಹೊಡೆಸುವ ಆದೇಶದ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ವಿಷ, ಸ್ಫೋಟಕ, ವಿದ್ಯುತ್ ಬಳಸುವಂತಿಲ್ಲ. ಸತ್ತ ಹಂದಿಯನ್ನು ತಿನ್ನುವಂತಿಲ್ಲ, ವಿಲೇವಾರಿ ಮಾಡಲೇಬೇಕು. ನನಗೆ ಮುಖ್ಯವಾಗಿ ಕಾಣುವುದು ಈ ಕೊನೆಯ ಷರತ್ತು. ಮಾಂಸ ಸಿಗದು, ಕೋರೆ ಸಿಗದು ಎಂದಾದ ಮೇಲೂ ಹಂದಿ ಹೊಡೆಯಬೇಕೆನ್ನುವವನು ನಿಜವಾಗಿ ಬೆಳೆಗಾಗಿ ಕೇಳುವವನು. ಹಂದಿಯ ಹೆಸರು ಹೇಳಿ ಕಡವೆಯ ಬೆನ್ನು ಹತ್ತುವವನು ಅಲ್ಲಿಗೆ ಬೇರೆಯಾಗುತ್ತಾನೆ. ಕೇರಳದ ವ್ಯವಸ್ಥೆಯಲ್ಲಿ ಕುಂದಿಲ್ಲ ಎಂದಲ್ಲ. ಆದರೆ ಗಡಿಯ ಆಚೆಗೊಂದು ನಿಯಮ, ಈಚೆಗೊಂದು ನಿಯಮ ಎಂದು ಹಂದಿಗೆ ಗೊತ್ತಿಲ್ಲ, ಈಚೆಯ ರೈತನಿಗೆ ಮಾತ್ರ ಗೊತ್ತಿದೆ.

ಕರ್ನಾಟಕ ಸರ್ಕಾರ ಈ ಮಾದರಿಯನ್ನು ಘಟ್ಟದ ಬುಡದ ತಾಲೂಕುಗಳಿಗೆ ತರಬೇಕು. ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಬೇಡ, ಅಲ್ಲಿ ಸೋಲಾರ್ ಬೇಲಿಗೆ ಸಹಾಯಧನ ಹೆಚ್ಚಿಸಲಿ. ಬಂಟ್ವಾಳ, ಮೂಡುಬಿದಿರೆಯ ತೋಟಗಳ ನಡುವೆ ಗ್ರಾಮ ಪಂಚಾಯತಿ, ಅರಣ್ಯ ಇಲಾಖೆ ಕೂಡಿ ತೀರ್ಮಾನಿಸುವಂತಾಗಲಿ. ಪ್ರತಿ ಈಡಿಗೂ ಲೆಕ್ಕ ಇರಲಿ, ಪ್ರತಿ ಹಂದಿಯನ್ನೂ ಪಂಚರ ಎದುರೇ ಹೂಳಲಿ. ಬೆಳೆ ಹಾನಿಗೆ ಅರಣ್ಯ ಇಲಾಖೆಯ ಇ-ಪರಿಹಾರ ವ್ಯವಸ್ಥೆಯಲ್ಲಿ ಕೊಡುವ ಮೊತ್ತ ಹಾಳಾದ ಬೆಳೆಯ ನಿಜ ಬೆಲೆಗೆ ಹತ್ತಿರ ಬರಲಿ. ಕಡವೆ, ಕಾಡುಕುರಿ, ಬರಿಂಕದ ವಿಷಯದಲ್ಲಿ ಮಾತ್ರ ಈಗಿರುವ ನಿಷೇಧ ಒಂದಿಂಚೂ ಸಡಿಲವಾಗಬಾರದು.

ಓದುಗರಲ್ಲಿ ತೋಟ ಇರುವವರಿಗೆ ಒಂದು ವಿನಂತಿ. ಹಂದಿ ನುಗ್ಗಿದ ದಿನವೇ ಫೋಟೊ ತೆಗೆದು ಅರಣ್ಯ ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ, ಅದೇ ವಿಷಯವನ್ನು ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ. ಪರಿಹಾರ ಸಣ್ಣದೆಂದು ಅರ್ಜಿಯನ್ನೇ ಕೊಡದಿದ್ದರೆ ಸರ್ಕಾರದ ಲೆಕ್ಕದಲ್ಲಿ ನಿಮ್ಮ ನಷ್ಟ ಸೊನ್ನೆ. ನಿಮ್ಮ ಲೈಸೆನ್ಸಿನ ಕೋವಿಯನ್ನು ರಾತ್ರಿ ಹಳು ನುಗ್ಗುವವರ ಕೈಗೆ ಕೊಡಬೇಡಿ. ತೋಟದ ಬೇಲಿಯಲ್ಲಿ ಉರುಳು ಕಂಡರೆ, ಇಟ್ಟವನು ನೆಂಟನೇ ಆದರೂ, ಬಿಚ್ಚಿಸಿ.